ಏಟಿಗೆ ಮೊದಲು ಒಂದು ಮಾತು

ಹೆಂಡತಿಗೆ ಹೊಡೆಯುವುದು ಸರಿ ಎಂದು ಒಪ್ಪುವವರ ಪ್ರಮಾಣದಲ್ಲಿ ಕರ್ನಾಟಕ ದೇಶದ ಮುಂಚೂಣಿಯಲ್ಲಿದೆ. ಈ ಒಪ್ಪಿಗೆ ಒಂದು ಜಗಳದಲ್ಲಿ ಹುಟ್ಟಿದ್ದಲ್ಲ. ನಾವು ನಗುತ್ತಾ ಆಡುವ ಮಾತು, ಹಿರಿಯರು ಹೇಳುವ ಬುದ್ಧಿವಾದ, ಕಂಡೂ ಕಾಣದಂತೆ ಇರುವ ಮೌನ ಅದನ್ನು ದಿನವೂ ಸಾಕುತ್ತಿವೆ.

ಹೇಳದೆ ಕೇಳದೆ ಮನೆಯಿಂದ ಹೊರಗೆ ಹೋದರೆ? ಮನೆಯನ್ನೋ ಮಕ್ಕಳನ್ನೋ ಸರಿಯಾಗಿ ನೋಡಿಕೊಳ್ಳದಿದ್ದರೆ? ಎದುರು ಮಾತಾಡಿದರೆ? ಹಾಸಿಗೆಯಲ್ಲಿ ಒಲ್ಲೆ ಎಂದರೆ? ಅಡುಗೆ ಕೆಟ್ಟರೆ? ನಡತೆಯ ಮೇಲೆ ಗಂಡನಿಗೆ ಅನುಮಾನ ಬಂದರೆ? ಅತ್ತೆ ಮಾವನಿಗೆ ಮರ್ಯಾದೆ ಕೊಡದಿದ್ದರೆ? ಈ ಏಳರಲ್ಲಿ ಯಾವುದಾದರೂ ಕಾರಣಕ್ಕೆ ಗಂಡ ಹೆಂಡತಿಗೆ ಹೊಡೆಯುವುದು ಸರಿಯೇ?

2019–21ರಲ್ಲಿ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಈ ಪ್ರಶ್ನೆಗಳಿದ್ದವು. ಕರ್ನಾಟಕದಲ್ಲಿ ಶೇ 76.9ರಷ್ಟು ಮಹಿಳೆಯರು, ಶೇ 81.9ರಷ್ಟು ಗಂಡಸರು ಒಂದು ಕಾರಣಕ್ಕಾದರೂ ‘ಹೌದು, ಸರಿ’ ಎಂದರು. ದೇಶದ ಸರಾಸರಿ ಹೆಣ್ಣುಗಂಡು ಇಬ್ಬರಲ್ಲೂ ಶೇ 45ರ ಆಸುಪಾಸು. ಹಿಮಾಚಲ ಪ್ರದೇಶದಲ್ಲಿ ಅದು ಶೇ 15ನ್ನೂ ಮುಟ್ಟುವುದಿಲ್ಲ. ಅದೇ ಸಮೀಕ್ಷೆ ಇನ್ನೊಂದು ಲೆಕ್ಕವನ್ನೂ ಕೊಟ್ಟಿತು. ರಾಜ್ಯದಲ್ಲಿ 18ರಿಂದ 49 ವಯಸ್ಸಿನ ವಿವಾಹಿತೆಯರ ಪೈಕಿ ಗಂಡನಿಂದ ದೌರ್ಜನ್ಯ ಅನುಭವಿಸಿದವರು 2015–16ರಲ್ಲಿ ಶೇ 20.6 ಇದ್ದರು, ಐದನೇ ಸಮೀಕ್ಷೆಯ ಹೊತ್ತಿಗೆ ಶೇ 44.4 ಆದರು. ದೇಶದಲ್ಲೇ ಅತಿ ಹೆಚ್ಚು.

ಹೊಡೆಯುವ ಕೈಯನ್ನು ಹಿಡಿಯಲು ಕಾನೂನುಗಳಿವೆ. 1983ರಲ್ಲಿ ಅಂದಿನ ದಂಡ ಸಂಹಿತೆಗೆ ಗಂಡ ಮತ್ತು ಅವನ ಮನೆಯವರ ಕ್ರೌರ್ಯವನ್ನು ಅಪರಾಧವೆನ್ನುವ 498ಎ ಕಲಂ ಸೇರಿತು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಆದರೂ ನಾಲ್ವರಲ್ಲಿ ಮೂವರು ಹೆಂಗಸರು, ಐವರಲ್ಲಿ ನಾಲ್ವರು ಗಂಡಸರು ಏಟಿಗೆ ಒಂದು ನ್ಯಾಯಯುತ ಕಾರಣ ಇರಬಹುದು ಎಂದು ನಂಬಿದ್ದರೆ, ಕಾನೂನು ಬಾಗಿಲಿಗೆ ಬರುವ ಮುಂಚೆಯೇ ಮನೆಯೊಳಗೆ ತೀರ್ಪು ಬರೆದಾಗಿದೆ ಎಂದೇ ಅರ್ಥ.

ಸಮೀಕ್ಷೆಗೂ ಮೊದಲೇ ಇದ್ದ ಪಟ್ಟಿ

ಆ ಏಳು ಕಾರಣಗಳಲ್ಲಿ ಹೊಸದು ಒಂದೂ ಇಲ್ಲ. ಮದುವೆಮನೆಯಲ್ಲಿ, ಊರಿನ ಕಟ್ಟೆಯ ಮೇಲೆ, ಕಚೇರಿಯ ಕ್ಯಾಂಟೀನಿನಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ನಾವು ಅವನ್ನು ಬೇರೆ ಬೇರೆ ದನಿಯಲ್ಲಿ ಕೇಳುತ್ತಲೇ ಬೆಳೆದಿದ್ದೇವೆ.

2023ರ ಜೂನ್ 11ರಂದು ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣದ ‘ಶಕ್ತಿ’ ಯೋಜನೆ ಶುರುವಾಯಿತು. ಕೂಲಿಗೆ, ಗಾರ್ಮೆಂಟ್ಸ್‌ಗೆ, ಆಸ್ಪತ್ರೆಗೆ, ತವರಿಗೆ ಹೋಗುವ ಹೆಂಗಸರ ಕೈಯಲ್ಲಿ ನಾಲ್ಕು ಕಾಸು ಉಳಿಯತೊಡಗಿತು. ಹಿಂದೆಯೇ ಮೊಬೈಲುಗಳಲ್ಲಿ ಜೋಕುಗಳು ಹರಿದಾಡಿದವು. ಹೆಂಡತಿ ಬಸ್ ಹತ್ತಿದಳು, ಗಂಡ ಉಪವಾಸ ಕೂತ. ಅತ್ತೆ ಸೊಸೆ ತೀರ್ಥಯಾತ್ರೆಗೆ, ಮಗ ಒಲೆ ಮುಂದೆ. ನಕ್ಕವರಲ್ಲಿ ಎಷ್ಟೋ ಜನ ಯಾರ ಮೇಲೂ ಕೈ ಎತ್ತಿದವರಲ್ಲ. ಆದರೆ ಆ ಜೋಕಿಗೆ ನಗು ಬರಬೇಕಾದರೆ ಕೇಳುವವನು ಒಂದು ಮಾತನ್ನು ಮೊದಲೇ ಒಪ್ಪಿಕೊಂಡಿರಬೇಕು: ಹೆಂಗಸು ಮನೆಯಲ್ಲಿರಬೇಕಾದವಳು, ಹೊಸ್ತಿಲು ದಾಟಲು ಅವಳಿಗೆ ಅಪ್ಪಣೆ ಬೇಕು. ಸಮೀಕ್ಷೆಯ ಪಟ್ಟಿಯಲ್ಲಿರುವ ‘ಹೇಳದೆ ಹೊರಗೆ ಹೋದರೆ’ ಎಂಬ ಕಾರಣದ ಬೇರು ಇಲ್ಲೇ ಇದೆ. ಬಸ್ಸಿನ ಜೋಕಿಗೆ ನಕ್ಕವನೂ, ಹೇಳದೆ ಹೋದಳೆಂದು ಕೆನ್ನೆಗೆ ಬಾರಿಸಿದವನೂ ನಿಂತಿರುವುದು ಒಂದೇ ನಂಬಿಕೆಯ ಮೇಲೆ. ಒಬ್ಬ ಅದನ್ನು ಆಡಿದ, ಇನ್ನೊಬ್ಬ ಜಾರಿಗೆ ತಂದ.

‘ಎದುರು ಮಾತಾಡಿದರೆ’ ಎಂಬುದನ್ನು ತೆಗೆದುಕೊಳ್ಳಿ. ಹುಡುಗ ವಾದ ಮಾಡಿದರೆ ಚುರುಕು ಎನ್ನುತ್ತೇವೆ. ಅದೇ ಮಾತನ್ನು ಹುಡುಗಿ ಆಡಿದರೆ ಬಾಯಿ ಜಾಸ್ತಿ ಆಯಿತು. ಸೊಕ್ಕಿನ ಹೆಣ್ಣನ್ನು ಗಂಡು ‘ದಾರಿಗೆ ತರುವ’ ಕಥೆಯನ್ನು ನಮ್ಮ ಸಿನಿಮಾ ಮತ್ತೆ ಮತ್ತೆ ಹೇಳಿದೆ. 1976ರ ‘ಬಹದ್ದೂರ್ ಗಂಡು’, 1989ರ ‘ನಂಜುಂಡಿ ಕಲ್ಯಾಣ’ ಎರಡರ ಜೀವಾಳವೂ ಅದೇ. ಮನೆಮಂದಿಯೆಲ್ಲ ಕೂತು ನೋಡಿದ, ಇಂದಿಗೂ ಟಿ.ವಿಯಲ್ಲಿ ಬಂದರೆ ನೋಡುವ ಚಿತ್ರಗಳವು. ಅವುಗಳ ಹಾಡು, ಹಾಸ್ಯ, ನಟನೆಯನ್ನು ಪ್ರೀತಿಸುತ್ತಲೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಅಹಂಕಾರ ಗಂಡಿಗೂ ಇರುತ್ತದೆ. ಗಂಡಿನ ಸೊಕ್ಕನ್ನು ಹೆಂಡತಿ ಮುರಿದು, ಅವನು ಕೊನೆಗೆ ಅವಳ ಕಾಲು ಹಿಡಿದು, ಪ್ರೇಕ್ಷಕರು ಶಿಳ್ಳೆ ಹೊಡೆದ ಚಿತ್ರಗಳು ನಮಗೆ ಎಷ್ಟು ನೆನಪಾಗುತ್ತವೆ?

‘ಅನುಮಾನ ಬಂದರೆ’ ಎಂಬುದು ಇಂದಿನ ಹುಡುಗ ಹುಡುಗಿಯರಲ್ಲಿ ಪ್ರೀತಿಯ ವೇಷದಲ್ಲಿ ಬರುತ್ತದೆ. ಮೊಬೈಲಿನ ಪಾಸ್‌ವರ್ಡ್ ಕೇಳುವುದು, ಎಲ್ಲಿದ್ದೀಯ ಎಂದು ಗಳಿಗೆಗೊಮ್ಮೆ ಫೋನ್ ಮಾಡುವುದು, ಇಂಥವನ ಜೊತೆ ಮಾತಾಡಬೇಡ ಎನ್ನುವುದು. ಗೆಳತಿಯರು ‘ನಿನ್ನ ಮೇಲೆ ಅವನಿಗೆ ಎಷ್ಟು ಪ್ರೀತಿ ನೋಡೇ’ ಎನ್ನುತ್ತಾರೆ. ಕಾವಲನ್ನು ಕಾಳಜಿ ಎಂದು ನಂಬಿ ಬೆಳೆದವಳಿಗೆ ಮೊದಲ ಏಟು ಬಿದ್ದಾಗ ಅದೂ ಪ್ರೀತಿಯೇ ಇರಬಹುದೇನೋ ಅನ್ನಿಸಿದರೆ ಅವಳನ್ನು ದೂರಲಾಗದು.

ಇನ್ನು ‘ಒಲ್ಲೆ ಎಂದರೆ’. ಇಲ್ಲಿ ಕಾನೂನೇ ಗಂಡನ ಪಕ್ಕ ನಿಂತಿದೆ. ಹೆಂಡತಿಗೆ 18 ತುಂಬಿದ್ದರೆ ಅವಳ ಒಪ್ಪಿಗೆಯಿಲ್ಲದೆ ಗಂಡ ನಡೆಸುವ ಸಂಭೋಗ ಅತ್ಯಾಚಾರವಲ್ಲ ಎಂಬ ವಿನಾಯಿತಿ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಉಳಿದಿದೆ. 2022ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ಒಬ್ಬ ಗಂಡನ ಮೇಲಿದ್ದ ಅತ್ಯಾಚಾರದ ಆರೋಪವನ್ನು ರದ್ದು ಮಾಡಲು ಒಪ್ಪದೆ ದೇಶದ ಗಮನ ಸೆಳೆಯಿತು. ಅದೇ ವರ್ಷ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು.

ತಮಾಷೆಗೆ ಹೇಳಿದ್ದು ಎಂಬ ನೆಪ

‘ಒಂದು ಜೋಕಿಗೆ ಇಷ್ಟೆಲ್ಲ ಯಾಕೆ?’ ಎಂದು ಕೇಳುವವರಿದ್ದಾರೆ. ಅಮೆರಿಕದ ಮನೋವಿಜ್ಞಾನಿ ಥಾಮಸ್ ಫೋರ್ಡ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದಕ್ಕೆ ಉತ್ತರವಿದೆ. ಹೆಂಗಸರ ಬಗ್ಗೆ ಮೊದಲೇ ಹಗೆಯ ಭಾವನೆ ಇದ್ದ ಗಂಡಸರಲ್ಲಿ ಕೆಲವರಿಗೆ ಹೆಣ್ಣನ್ನು ಹೀಯಾಳಿಸುವ ಜೋಕು, ಕೆಲವರಿಗೆ ಸಾಮಾನ್ಯ ಜೋಕು, ಇನ್ನು ಕೆಲವರಿಗೆ ಅದೇ ಹೀಯಾಳಿಕೆಯನ್ನು ನೇರ ಮಾತಿನಲ್ಲಿ ಓದಲು ಕೊಟ್ಟರು. ಆಮೇಲೆ ಮಹಿಳಾ ಸಂಘಟನೆಯೊಂದಕ್ಕೆ ಎಷ್ಟು ದೇಣಿಗೆ ಕೊಡುತ್ತೀರಿ ಎಂದು ಕೇಳಿದರು. ಹೀಯಾಳಿಸುವ ಜೋಕು ಓದಿದವರು ಕೈ ಬಿಗಿ ಹಿಡಿದರು. ಅದೇ ವಿಷವನ್ನು ನೇರವಾಗಿ ಓದಿದವರಲ್ಲಿ ಆ ಪರಿಣಾಮ ಕಾಣಲಿಲ್ಲ.

ಇದರ ಒಳಗಿರುವ ತರ್ಕ ಸರಳ. ಹೆಣ್ಣು ಕೀಳು ಎಂದು ನೇರವಾಗಿ ಹೇಳಿದರೆ ಯಾರಾದರೂ ಒಬ್ಬರು ತಡೆಯುತ್ತಾರೆ. ಜೋಕಾಗಿ ಹೇಳಿದಾಗ ತಡೆಯುವವರು ಸುಮ್ಮನಾಗುತ್ತಾರೆ, ‘ಸೀರಿಯಸ್ ಆಗಬೇಡ’ ಎಂಬ ಮಾತು ಎಲ್ಲರ ಬಾಯಿ ಕಟ್ಟುತ್ತದೆ. ಗುಂಪಿನಲ್ಲಿ ಹಗೆ ಇಟ್ಟುಕೊಂಡವನು ಆ ನಗುವನ್ನು ಕೇಳಿಸಿಕೊಳ್ಳುತ್ತಾನೆ. ತನ್ನಂತೆಯೇ ಎಲ್ಲರೂ ಯೋಚಿಸುತ್ತಾರೆ, ತಾನು ಮಾಡುವುದಕ್ಕೆ ಇಲ್ಲಿ ಯಾರ ತಕರಾರೂ ಇಲ್ಲ ಎಂದು ಅವನಿಗೆ ಧೈರ್ಯ ಬರುತ್ತದೆ. ಜೋಕು ಸಜ್ಜನನನ್ನು ಕೊಲೆಗಾರನನ್ನಾಗಿ ಮಾಡುವುದಿಲ್ಲ ನಿಜ. ಆದರೆ ಹೊಡೆಯಬಲ್ಲವನಿಗೆ ಅದು ಊರಿನ ಪರವಾನಗಿ ಕೊಡುತ್ತದೆ.

ಹೊಗಳಿಕೆಯೂ ಈ ಕೆಲಸ ಮಾಡಬಲ್ಲದು. ಪೀಟರ್ ಗ್ಲಿಕ್ ಮತ್ತು ಸೂಸನ್ ಫಿಸ್ಕ್ ಎಂಬ ಮನೋವಿಜ್ಞಾನಿಗಳು 1996ರಲ್ಲಿ ಹೆಣ್ಣಿನ ಬಗೆಗಿನ ಪೂರ್ವಗ್ರಹಕ್ಕೆ ಎರಡು ಮುಖಗಳಿವೆ ಎಂದು ತೋರಿಸಿದರು: ಒಂದು ಹಗೆಯದು, ಇನ್ನೊಂದು ಅಕ್ಕರೆಯದು. ಆಮೇಲೆ ಅವರು 19 ದೇಶಗಳಲ್ಲಿ ನಡೆಸಿದ ಅಧ್ಯಯನದಲ್ಲಿ, ಹಗೆ ಹೆಚ್ಚಿರುವ ದೇಶಗಳಲ್ಲೇ ಆ ಅಕ್ಕರೆಯೂ ಹೆಚ್ಚಿರುವುದು ಕಂಡಿತು. ಇದು ನಮಗೆ ಪರಿಚಿತ. ಮನೆಗೆ ಬಂದ ಸೊಸೆ ಮಹಾಲಕ್ಷ್ಮಿ, ಹೆಣ್ಣು ಸಹನಾಮೂರ್ತಿ, ತಾಯಿ ದೇವರು ಎನ್ನುತ್ತೇವೆ. ಆ ಪೀಠದಲ್ಲಿ ಕೂತಿರುವವರೆಗೆ ಪೂಜೆ. ಇಳಿದು ತನಗೆ ಬೇಕಾದ್ದನ್ನು ಕೇಳಿದ ದಿನ ‘ಇವಳೆಂಥ ಹೆಂಗಸು’ ಎಂಬ ಪ್ರಶ್ನೆ. ಸಹನೆಯನ್ನು ಹೆಣ್ಣಿನ ಗುಣ ಎಂದು ಕೊಂಡಾಡುವ ಸಮಾಜ, ಸಹಿಸಲಾರೆ ಎಂದವಳನ್ನು ಶಿಕ್ಷಿಸಲು ಸಿದ್ಧವಾಗಿಯೇ ಇರುತ್ತದೆ.

ಬೀದಿಯಿಂದ ವಿಧಾನಸಭೆಯವರೆಗೆ

2017ರ ಹೊಸ ವರ್ಷದ ರಾತ್ರಿ ಬೆಂಗಳೂರಿನ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಯಲ್ಲಿ ಯುವತಿಯರ ಮೇಲೆ ದೌರ್ಜನ್ಯ ನಡೆದಾಗ ಅಂದಿನ ಗೃಹ ಸಚಿವ ಜಿ. ಪರಮೇಶ್ವರ ಪಾಶ್ಚಾತ್ಯರ ಉಡುಗೆಯ ಮಾತು ತೆಗೆದರು. 2021ರ ಆಗಸ್ಟ್‌ನಲ್ಲಿ ಮೈಸೂರಿನ ಚಾಮುಂಡಿ ಬೆಟ್ಟದ ಬಳಿ ವಿದ್ಯಾರ್ಥಿನಿಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆದಾಗ ಅಂದಿನ ಗೃಹ ಸಚಿವ ಆರಗ ಜ್ಞಾನೇಂದ್ರ ಅಂಥ ಜಾಗಕ್ಕೆ ಅವರು ಹೋಗಬಾರದಿತ್ತು ಎಂದರು, ಟೀಕೆ ಬಂದ ಮೇಲೆ ಮಾತನ್ನು ಹಿಂಪಡೆದರು. ಅದೇ ವರ್ಷ ಡಿಸೆಂಬರ್ 16ರಂದು, ನಿರ್ಭಯಾ ಪ್ರಕರಣಕ್ಕೆ ಸರಿಯಾಗಿ 9 ವರ್ಷ ತುಂಬಿದ ದಿನ, ಬೆಳಗಾವಿಯ ಅಧಿವೇಶನದಲ್ಲಿ ಮಾಜಿ ಸ್ಪೀಕರ್ ಕೆ.ಆರ್. ರಮೇಶ್ ಕುಮಾರ್ ಅತ್ಯಾಚಾರವನ್ನು ತಡೆಯಲಾಗದಿದ್ದರೆ ಅನುಭವಿಸಬೇಕು ಎಂಬರ್ಥದ ಮಾತಾಡಿದರು. ಪೀಠದಲ್ಲಿದ್ದ ಸ್ಪೀಕರ್ ನಕ್ಕರು. ಮರುದಿನ ರಮೇಶ್ ಕುಮಾರ್ ಕ್ಷಮೆ ಕೇಳಿದರು.

ಪಕ್ಷ ಬೇರೆ, ಸರ್ಕಾರ ಬೇರೆ, ಮಾತಿನ ಜಾಡು ಒಂದೇ. ಕ್ಷಮೆ ಕೇಳಿದ್ದು ಒಳ್ಳೆಯದೇ. ಆದರೆ ಗೃಹ ಸಚಿವರ ಬಾಯಲ್ಲಿ ಬಂದ ಮಾತು ಅವರ ಕೈಕೆಳಗಿನ ಠಾಣೆಯ ಬೆಂಚಿನವರೆಗೂ ಇಳಿಯುತ್ತದೆ. ದೂರು ಕೊಡಲು ಬಂದವಳಿಗೆ ‘ಅಷ್ಟು ಹೊತ್ತಿನಲ್ಲಿ ಅಲ್ಲೇನು ಕೆಲಸ?’ ಎಂಬ ಪ್ರಶ್ನೆಯಾಗಿ ಎದುರಾಗುವುದು ಅದೇ ಮಾತು. ನ್ಯಾಯಾಲಯವೂ ಇದರಿಂದ ಹೊರಗಿಲ್ಲ. 2020ರ ಜೂನ್‌ನಲ್ಲಿ ರಾಜ್ಯದ ಹೈಕೋರ್ಟ್ ಅತ್ಯಾಚಾರ ಪ್ರಕರಣವೊಂದರ ಜಾಮೀನು ಆದೇಶದಲ್ಲಿ, ಘಟನೆಯ ನಂತರ ದಣಿದು ನಿದ್ದೆ ಹೋದೆ ಎಂಬ ದೂರುದಾರೆಯ ಹೇಳಿಕೆ ಭಾರತೀಯ ನಾರಿಗೆ ತಕ್ಕದ್ದಲ್ಲ ಎಂದಿತ್ತು. ತೀವ್ರ ಆಕ್ಷೇಪದ ಬಳಿಕ ಆ ಸಾಲನ್ನು ತೆಗೆದುಹಾಕಿತು. ಇಂಥ ರೂಢಿಮಾತುಗಳಿಂದ ನ್ಯಾಯಾಧೀಶರನ್ನು ಎಚ್ಚರಿಸಲು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಒಂದು ಕೈಪಿಡಿಯನ್ನೇ ಹೊರಡಿಸಬೇಕಾಯಿತು.

ಹುಬ್ಬಳ್ಳಿಯನ್ನು ನೆನೆಯದೆ ಈ ಮಾತು ಪೂರ್ತಿಯಾಗದು. 2024ರ ಏಪ್ರಿಲ್ 18ರಂದು ಅಲ್ಲಿನ ಕಾಲೇಜು ಆವರಣದಲ್ಲೇ ವಿದ್ಯಾರ್ಥಿನಿಯೊಬ್ಬಳನ್ನು ಇರಿದು ಕೊಂದ ಆರೋಪದಲ್ಲಿ ಹಿಂದೆ ಅಲ್ಲೇ ಓದಿದ್ದ ಯುವಕ ಸಿಕ್ಕಿಬಿದ್ದ. ಮುಂದಿನ ತಿಂಗಳು 15ರಂದು ಇನ್ನೊಬ್ಬ ಯುವತಿ ಮನೆಯೊಳಗೇ ಚೂರಿಗೆ ಬಲಿಯಾದಳು. ಬೆದರಿಕೆ ಇದೆ ಎಂದು ಮೊದಲೇ ಹೇಳಿದರೂ ಪೊಲೀಸರು ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ಕುಟುಂಬ ದೂರಿತು. ಇನ್‌ಸ್ಪೆಕ್ಟರ್ ಸೇರಿ ಕೆಲವು ಪೊಲೀಸರು ಅಮಾನತಾದರು. ಮೊದಲ ಕೊಲೆಯ ನಂತರ ಚರ್ಚೆ ನಡೆದದ್ದು ಹೆಚ್ಚಾಗಿ ಆರೋಪಿಯ ಧರ್ಮದ ಸುತ್ತ. ಎರಡನೆಯದರಲ್ಲಿ ಆರೋಪಿಯ ಧರ್ಮ ಬೇರೆಯಾಗಿತ್ತು, ಆರೋಪದ ತಿರುಳು ಬೇರೆಯಾಗಿರಲಿಲ್ಲ: ಹುಡುಗಿಯ ನಿರಾಕರಣೆಯನ್ನು ತಾಳದ ಗಂಡು. ಹುಡುಗಿಯ ‘ಬೇಡ’ ಎಂದರೆ ಇನ್ನಷ್ಟು ಬೆನ್ನು ಬೀಳು ಎಂದರ್ಥ ಎಂದು ಸಿನಿಮಾದಲ್ಲಿ, ಗೆಳೆಯರ ಗುಂಪಿನಲ್ಲಿ ಕಲಿತವನಿಗೆ ಆ ನಿರಾಕರಣೆ ಅವಮಾನವಾಗಿ ಕಾಣುತ್ತದೆ. ಬೆನ್ನಟ್ಟುವುದು 2013ರ ತಿದ್ದುಪಡಿಯಿಂದ ಅಪರಾಧವಾಗಿದೆ; ನಮ್ಮ ಮಾತಿನಲ್ಲಿ ಅದು ಇನ್ನೂ ‘ಲೈನ್ ಹೊಡೆಯುವುದು’.

ಅದೇ ಏಪ್ರಿಲ್‌ನಲ್ಲಿ ಹಾಸನದಲ್ಲಿ ಲೈಂಗಿಕ ದೌರ್ಜನ್ಯದ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳು ಬೀದಿಗೆ ಬಂದವು. ಆಗ ಅಲ್ಲಿನ ಸಂಸದರಾಗಿದ್ದ, ಆ ವಿಡಿಯೊಗಳ ಆರೋಪಿ ಪ್ರಜ್ವಲ್ ರೇವಣ್ಣ ಅವರಿಗೆ ಒಂದು ಅತ್ಯಾಚಾರ ಪ್ರಕರಣದಲ್ಲಿ 2025ರ ಆಗಸ್ಟ್ 2ರಂದು ಜೀವಾವಧಿ ಶಿಕ್ಷೆಯಾಯಿತು. ದೂರು ಕೊಟ್ಟು ಗಟ್ಟಿಯಾಗಿ ನಿಂತ ಮನೆಗೆಲಸದ ಮಹಿಳೆಯ ಧೈರ್ಯಕ್ಕೆ ಸಿಕ್ಕ ನ್ಯಾಯ ಅದು. ಆದರೆ ಹೆಂಗಸರ ಮುಖ ಕಾಣುವ ಆ ವಿಡಿಯೊಗಳನ್ನು ನೋಡಿದವರು, ಒಬ್ಬರಿಂದ ಒಬ್ಬರಿಗೆ ದಾಟಿಸಿದವರು, ‘ಇವಳು ಯಾರು ಗೊತ್ತಾಯ್ತಾ?’ ಎಂದು ಗುರುತು ಹಚ್ಚಲು ಕೂತವರು ಯಾವ ರಾಕ್ಷಸರೂ ಅಲ್ಲ, ನಮ್ಮ ಅಕ್ಕಪಕ್ಕದವರು. ಅವರ ಕುತೂಹಲಕ್ಕೆ ಹೆದರಿ ಕೆಲವು ಕುಟುಂಬಗಳು ಊರು ಬಿಟ್ಟವು. ಒಬ್ಬ ಎಸಗಿದ ಅಪರಾಧದ ಗಾಯವನ್ನು ದೊಡ್ಡದು ಮಾಡಿದ್ದು ಅಪರಾಧಿಗಳೆಂದು ತಮ್ಮನ್ನು ಎಂದೂ ಭಾವಿಸದ ಜನ.

ಕುಡಿತವೂ ಒಂದು ನೆಪ

ಇದೆಲ್ಲ ಕುಡಿತದಿಂದ ಎನ್ನುವವರ ಮಾತಿನಲ್ಲಿ ಹುರುಳಿದೆ. ಐದನೇ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಗಂಡ ಪದೇ ಪದೇ ಕುಡಿದು ಬರುವ ಹೆಂಗಸರಲ್ಲಿ ಶೇ 70ರಷ್ಟು ಮಂದಿ ದೈಹಿಕ ಅಥವಾ ಲೈಂಗಿಕ ದೌರ್ಜನ್ಯ ಕಂಡಿದ್ದಾರೆ. ಆದರೆ ಗಂಡ ಕುಡಿಯದಿರುವ ಮನೆಗಳಲ್ಲೂ ಅದು ಶೇ 23. ಕುಡಿದವನು ದಾರಿಯಲ್ಲಿ ಸಿಕ್ಕ ಪೊಲೀಸನಿಗೆ ಹೊಡೆಯುವುದಿಲ್ಲ, ಕೂಲಿ ಕೊಡುವ ಧಣಿಗೆ ಹೊಡೆಯುವುದಿಲ್ಲ. ಯಾರಿಗೆ ಹೊಡೆದರೆ ಕೇಳುವವರಿಲ್ಲ ಎಂಬ ತಿಳಿವಳಿಕೆ ಆ ಅಮಲಿನಲ್ಲೂ ಉಳಿದಿರುತ್ತದೆ. ಅದನ್ನು ಅವನಿಗೆ ಸಾರಾಯಿ ಕಲಿಸಿದ್ದಲ್ಲ.

ಧೋರಣೆಯೊಂದೇ ಎಲ್ಲವನ್ನೂ ತೀರ್ಮಾನಿಸುತ್ತದೆ ಎಂದೂ ಹೇಳಲಾಗದು. ಕೇರಳದಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು ಏಟನ್ನು ಒಪ್ಪಿದರೂ ಗಂಡನ ದೌರ್ಜನ್ಯ ಹೇಳಿಕೊಂಡವರು ಸುಮಾರು ಶೇ 10. ಓದು, ದುಡಿಮೆ, ಆಸ್ತಿ, ಹೇಳಿಕೊಳ್ಳುವ ಧೈರ್ಯ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಹಾಗಿದ್ದೂ ಮಾತಿನ ಮೇಲೆ ಒತ್ತು ಕೊಡುವುದೇಕೆಂದರೆ, ಬದಲಾಯಿಸಲು ಯಾರ ಅಪ್ಪಣೆಯೂ ಬೇಡದ, ಪ್ರತಿಯೊಬ್ಬರ ಕೈಯಲ್ಲೂ ಇರುವ ಸಂಗತಿ ಅದು.

ಏಟಿನ ನಂತರದ ಮಾತು

ಮಾತು ಏಟಿಗೆ ದಾರಿ ಮಾಡಿಕೊಡುವುದಷ್ಟೇ ಅಲ್ಲ, ಏಟು ತಿಂದವಳು ಹೊರಬರುವ ದಾರಿಯನ್ನೂ ಮುಚ್ಚುತ್ತದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಸಣ್ಣ ಮುನಿಸಿಗೆ ಸರಿ. ಅದನ್ನೇ ಒಡೆದ ತಲೆಗೂ ಹೇಳುತ್ತೇವೆ. ಮುಳ್ಳು ಬಟ್ಟೆಯ ಮೇಲೆ ಬಿದ್ದರೂ ಬಟ್ಟೆ ಮುಳ್ಳಿನ ಮೇಲೆ ಬಿದ್ದರೂ ಹರಿಯುವುದು ಬಟ್ಟೆಯೇ ಎಂದು ಮಗಳಿಗೆ ಕಲಿಸುತ್ತೇವೆ, ಮುಳ್ಳಿಗೆ ಏನನ್ನೂ ಕಲಿಸುವುದಿಲ್ಲ. ‘ಸುಧಾರಿಸಿಕೊಂಡು ಹೋಗಮ್ಮ, ಒಂದು ಮಗುವಾದರೆ ಸರಿಹೋಗ್ತಾನೆ’ ಎನ್ನುತ್ತೇವೆ.

ಪರಿಣಾಮ ಅಂಕಿಗಳಲ್ಲಿದೆ. ದೇಶದಲ್ಲಿ ದೈಹಿಕ ಅಥವಾ ಲೈಂಗಿಕ ದೌರ್ಜನ್ಯ ಅನುಭವಿಸಿದ ಮಹಿಳೆಯರಲ್ಲಿ ನೆರವು ಕೇಳಿದವರು ಶೇ 14 ಮಾತ್ರ. ಶೇ 77ರಷ್ಟು ಹೆಂಗಸರು ನೆರವನ್ನೂ ಕೇಳಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಕೇಳಿದವರು ಕೂಡ ಮೊದಲು ಹೋದದ್ದು ತವರಿಗೆ. ಠಾಣೆಗೆ ಹೋದವರು ತೀರಾ ಕಡಿಮೆ. ಅಂದರೆ ನಮ್ಮಲ್ಲಿ ಮೊದಲ ಠಾಣೆಯೂ ಮೊದಲ ನ್ಯಾಯಾಲಯವೂ ತವರುಮನೆಯ ಪಡಸಾಲೆಯೇ. ಅಲ್ಲಿ ಅಪ್ಪ, ಅಮ್ಮ, ಅಣ್ಣ ಆಡುವ ಮಾತಿನ ಮೇಲೆ ಒಂದು ಜೀವ ನಿಂತಿರುತ್ತದೆ.

ನಿಲ್ಲದೆ ಹೋದ ಜೀವಗಳ ಲೆಕ್ಕವೂ ಇದೆ. ‘ಸ್ಟವ್ ಸಿಡಿದು ಗೃಹಿಣಿ ಸಾವು’ ಎಂಬ ಒಂದು ಕಾಲಂ ಸುದ್ದಿ ಒಂದು ಕಾಲಕ್ಕೆ ನಮ್ಮ ಪತ್ರಿಕೆಗಳಲ್ಲಿ ಮಾಮೂಲಾಗಿತ್ತು. ಬೆಂಗಳೂರಿನ ‘ವಿಮೋಚನಾ’ ಸಂಘಟನೆಯ ಹೆಣ್ಣುಮಕ್ಕಳು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡಿನಲ್ಲಿ ಹಾಸಿಗೆ ಹಾಸಿಗೆಗೆ ಹೋಗಿ ಕೂತು, ಮನೆಯವರು ಆಕಸ್ಮಿಕ ಎಂದು ಬರೆಸಿದ ಸಾವುಗಳ ಹಿಂದಿನ ಕಥೆ ಕೇಳಿದರು. ಸೀಮೆಎಣ್ಣೆ ಸ್ಟವ್ ಸೊಸೆಯನ್ನೇ ಹುಡುಕಿ ಸಿಡಿಯುವುದೇಕೆ ಎಂದು ಯಾರೂ ಕೇಳದಿದ್ದ ಕಾಲದಲ್ಲಿ ಅವರು ಕೇಳಿದರು.

ಬದಲಾಗುತ್ತದೆ, ಬದಲಾಗಿದೆ

ಧೋರಣೆ ರಕ್ತದಲ್ಲಿ ಬಂದದ್ದು, ಹೋಗುವುದಿಲ್ಲ ಎನ್ನುವವರಿಗೆ ಎರಡು ಉದಾಹರಣೆ ಸಾಕು. ಹರಿಯಾಣದ 314 ಸರ್ಕಾರಿ ಶಾಲೆಗಳನ್ನು ಒಳಗೊಂಡ ಪ್ರಯೋಗದಲ್ಲಿ, ಅವುಗಳಲ್ಲಿ ಒಂದು ಪಾಲಿನ ಶಾಲೆಗಳಲ್ಲಿ ಏಳನೇ ತರಗತಿಯಿಂದ ಆರಂಭಿಸಿ ಎರಡೂವರೆ ವರ್ಷ ‘ಬ್ರೇಕ್‌ಥ್ರೂ’ ಸಂಸ್ಥೆ ಹುಡುಗ ಹುಡುಗಿಯರ ಜೊತೆ ಮಾತುಕತೆಯ ತರಗತಿ ನಡೆಸಿತು. ಮನೆಗೆಲಸ ಯಾರದು, ಓದು ಯಾರಿಗೆ ಬೇಕು ಎಂಬಂಥ ಪ್ರಶ್ನೆಗಳು ಅಲ್ಲಿದ್ದವು. ಮಕ್ಕಳ ಧೋರಣೆ ಸಮಾನತೆಯತ್ತ ಸರಿಯಿತು, ಎರಡು ವರ್ಷಗಳ ನಂತರ ಹೋಗಿ ನೋಡಿದಾಗಲೂ ಆ ಬದಲಾವಣೆ ಉಳಿದಿತ್ತು. ಹುಡುಗರು ಮನೆಗೆಲಸಕ್ಕೆ ಕೈ ಹಾಕಿದ್ದಾಗಿ ಹೇಳಿದರು. ಉಗಾಂಡದ ಕಂಪಾಲಾದಲ್ಲಿ ‘ಸಾಸಾ’ ಎಂಬ ಕಾರ್ಯಕ್ರಮ ಬಡಾವಣೆಯ ಸಾಮಾನ್ಯ ಜನರನ್ನೇ ಸೇರಿಸಿಕೊಂಡು ಅಧಿಕಾರ, ಹಿಂಸೆಯ ಕುರಿತು ವರ್ಷಗಟ್ಟಲೆ ಮಾತಾಡಿತು. ಕಾರ್ಯಕ್ರಮ ನಡೆದ ಕಡೆ ಸಂಗಾತಿಯಿಂದ ದೈಹಿಕ ಹಿಂಸೆ, ನಡೆಯದ ಕಡೆಗಿಂತ ಶೇ 52ರಷ್ಟು ಕಡಿಮೆ ಎಂದು 2014ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಎರಡೂ ಕಡೆ ಕೆಲಸ ಮಾಡಿದ್ದು ಎಡೆಬಿಡದೆ, ಜೊತೆಯಲ್ಲಿ ಕೂತು ಆಡಿದ ಮಾತು.

ನಮ್ಮ ಪ್ರೌಢಶಾಲೆಗಳಲ್ಲಿ ಇಂಥ ತರಗತಿಗೆ ವಾರಕ್ಕೊಂದು ಗಂಟೆ ಸಿಗಲಾರದೇ? ಠಾಣೆಯಲ್ಲಿ ದೂರು ಬರೆದುಕೊಳ್ಳುವ ಮೊದಲು ರಾಜಿಗೆ ಕೂರಿಸುವ ರೂಢಿ ನಿಲ್ಲಬೇಕು. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಸಂರಕ್ಷಣಾಧಿಕಾರಿ ಎಂಬ ಹೊಣೆಗೆ ಅದೊಂದೇ ಕೆಲಸವಾಗಿರುವ ಅಧಿಕಾರಿಗಳು ಬೇಕು. ಅಂಗನವಾಡಿ ಯೋಜನೆ ನೋಡಿಕೊಳ್ಳುವವರ ತಲೆಗೆ ಅದನ್ನೂ ಕಟ್ಟಿದರೆ ಎರಡೂ ಸೊರಗುತ್ತವೆ. 181, 112 ಸಹಾಯವಾಣಿಗಳ ಸಂಖ್ಯೆ ಪ್ರತಿ ಬಸ್ಸಿನಲ್ಲಿ, ಪ್ರತಿ ನ್ಯಾಯಬೆಲೆ ಅಂಗಡಿಯ ಗೋಡೆಯ ಮೇಲೆ ಕಾಣಬೇಕು.

ಗಂಡಸರಿಗೆ ಒಂದು ಮಾತು. ಹೆಂಡತಿಗೆ ಹೊಡೆಯದಿರುವುದು ಸಾಧನೆಯಲ್ಲ, ಅದು ಕನಿಷ್ಠ ಮಟ್ಟ. ನಿಮ್ಮ ಗುಂಪಿನಲ್ಲಿ ಯಾವನಾದರೂ ಹೆಂಗಸರನ್ನು ಹೀಯಾಳಿಸಿ ಜೋಕು ಹೇಳಿದಾಗ ನಗದಿರಿ, ‘ಇದರಲ್ಲಿ ನಗುವುದೇನಿದೆ?’ ಎಂದು ಕೇಳಿ. ಗೆಳೆಯ ಹೆಂಡತಿಗೆ ಹೊಡೆದನೆಂದು ಗೊತ್ತಾದರೆ ಸಂಸಾರದ ವಿಷಯ ನಮಗೇಕೆ ಎನ್ನದೆ, ಇದು ತಪ್ಪು ಎಂದು ಅವನ ಮುಖಕ್ಕೇ ಹೇಳಿ. ಹೆಂಗಸರ ಮಾತಿಗೆ ಕಿವುಡಾಗಿರುವವನು ಸಂಗಡಿಗರ ಮಾತಿಗೆ ಕಿವಿಗೊಡುತ್ತಾನೆ. ಊರಿನ ಪರವಾನಗಿ ರದ್ದಾಗಬೇಕಾದದ್ದು ಹಾಗೆ.

ಹೆತ್ತವರಿಗೆ ಇನ್ನೊಂದು ಮಾತು. ಮಗನಿಗೆ ಅನ್ನ ಮಾಡಲು, ತಟ್ಟೆ ತೊಳೆಯಲು, ‘ಬೇಡ’ ಎಂಬುದನ್ನು ಒಮ್ಮೆಗೇ ಕೇಳಿಸಿಕೊಳ್ಳಲು ಮದುವೆಗೆ ಬಹಳ ಮೊದಲೇ ಕಲಿಸಿ. ಮಗಳ ಮದುವೆಯ ದಿನ ತಗ್ಗಿ ಬಗ್ಗಿ ನಡೆ ಎಂಬ ಉಪದೇಶವನ್ನು ಬಿಡಿ. ಅದರ ಬದಲು ಅಳಿಯನೂ ಬೀಗರೂ ಕೇಳುವಂತೆ ಅವಳಿಗೆ ಹೇಳಿ: ‘ಒಂದೇ ಒಂದು ಏಟು ಬಿದ್ದರೂ ಹೊರಟು ಬಾ. ಈ ಮನೆ ನಿನ್ನದು, ಯಾಕೆ ಬಂದೆ ಎಂದು ನಾವು ಕೇಳುವುದಿಲ್ಲ.’ ಆ ಮಾತನ್ನು ನಾಲ್ಕು ಜನರ ಮುಂದೆ ಆಡಿ, ಮಗಳು ಬಂದ ದಿನ ಉಳಿಸಿಕೊಳ್ಳಿ. ಹೊಡೆಯಬಲ್ಲೆ ಎಂದುಕೊಂಡವನಿಗೆ ತನ್ನ ಹಿಂದೆ ಯಾರೂ ನಿಂತಿಲ್ಲ ಎಂದು ಗೊತ್ತಾಗಬೇಕು. ಅದನ್ನು ತಿಳಿಸುವ ಕೆಲಸ ನಮ್ಮೆಲ್ಲರದು.